ನೂರ ಎಪ್ಪತ್ತು ವೋಲ್ಟು

ಸಾಲಗಾಮೆ ರಸ್ತೆಯ ರಿವೈಂಡಿಂಗ್ ಅಂಗಡಿಗೆ ಷಟರ್ ಎಳೆದು
ಕೈಗಂಟಿದ ವಾರ್ನಿಷ್ಷನ್ನು ಸೀಮೆಎಣ್ಣೆಯಲ್ಲಿ ತಿಕ್ಕಿ
ಹಿಂದಿನ ಕೋಣೆಗೆ ಬಂದರೆ ರಾತ್ರಿ ಒಂಬತ್ತೂವರೆ.
ಟ್ರಂಕಿನ ಮೇಲೆ ಗಿಟಾರು. ನೆಲದ ಮೇಲೆ ಪೆಡಲು,
ಇಟ್ಟಿಗೆಯಷ್ಟು ಉದ್ದ, ಇಟ್ಟಿಗೆಗಿಂತ ಹಗುರ.
ಅದರೊಳಗೆ ಎಪ್ಪತ್ತೆರಡು ಆಂಪ್ಲಿಫೈಯರ್ ಇವೆಯಂತೆ,
ಲಂಡನ್ನಿನವು, ಕ್ಯಾಲಿಫೋರ್ನಿಯಾದವು.
ಒಂದನ್ನೂ ನಾನು ಮುಟ್ಟಿ ನೋಡಿದವನಲ್ಲ.

ಹೆಡ್‌ಫೋನ್ ಹಾಕಿದರೆ ಕಿವಿಯೊಳಗೆ ಕ್ರೀಡಾಂಗಣ.
ಹೊರಗೆ ಬರೀ ತಂತಿಯ ಟಿಕ್ ಟಿಕ್.
ಗೋಡೆಯಾಚೆ ಮಲಗಿದ ಅತ್ತೆ
ಹಲ್ಲಿ ಲೊಚಗುಟ್ಟಿತೆಂದು ಬೆರಳಲ್ಲಿ ನೆಲ ಬಡಿದು
ಕೃಷ್ಣ ಕೃಷ್ಣ ಅನ್ನುತ್ತಾರೆ.
ನನ್ನ ಒಂದು ಸೋಲೋ ಮುಗಿಯುವಷ್ಟರಲ್ಲಿ
ಅವರದೊಂದು ಸಹಸ್ರನಾಮ ಆಗಿರುತ್ತದೆ.

ನಾನು ಹುಡುಕುತ್ತಿರುವುದು ಎಪ್ಪತ್ತಮೂರನೆಯದನ್ನು.
ಇನ್ನಾಸಪ್ಪನ ಆಂಪು.
ಮುಚ್ಚಿಹೋದ ಟೂರಿಂಗ್ ಟಾಕೀಸಿನ ಡಬ್ಬ ತಂದು
ವಾಲ್ವು ಬದಲಿಸಿ, ಹಲಸಿನ ಹಲಗೆಯ ಪೆಟ್ಟಿಗೆ ಕೂರಿಸಿ,
ಮುಂದಕ್ಕೆ ಗೋಣಿತಟ್ಟು ಬಿಗಿದಿದ್ದ. ಆಲೂಗಡ್ಡೆ ಮೂಟೆಯದು,
ಮಂಡಿಯ ಮುದ್ರೆ ಅರ್ಧ ಕಾಣುತ್ತಿತ್ತು.
ಸ್ವಿಚ್ ಒತ್ತಿ ನಲವತ್ತು ಎಣಿಸಬೇಕು.
ಮೊದಲು ಬಿಸಿ ಧೂಳಿನ ವಾಸನೆ, ಆಮೇಲೆ ಶಬ್ದ.
ನನ್ನ ಹದಿನೇಳನೆಯ ವಯಸ್ಸು ಆ ನಲವತ್ತರೊಳಗೇ ಕಳೆಯಿತು.
ಅವನು ತಂತಿ ಎಳೆದರೆ ಸ್ವರ
ಮೊದಲು ಕುಗ್ಗಿ, ಒಂದು ಉಸಿರು ತಡೆದು, ಆಮೇಲೆ ಅರಳುತ್ತಿತ್ತು,
ಕೆಂಡದ ಮೇಲಿಟ್ಟ ಹಪ್ಪಳದ ಹಾಗೆ.
ಅವನು ಹೋದ ಮೇಲೆ ತಮ್ಮ ಅದನ್ನು ಗುಜರಿಗೆ ಹಾಕಿದ.
ಕಬ್ಬಿಣ ಬೇರೆ, ತಾಮ್ರ ಬೇರೆ ತೂಗಿದರಂತೆ.

ಗೇನ್ ಏರಿಸಿದೆ, ಇಳಿಸಿದೆ. ಮಿಡ್ ತಿರುಗಿಸಿದೆ.
ಇಲ್ಲದ ಮೈಕನ್ನು ಇಲ್ಲದ ಸ್ಪೀಕರಿನಿಂದ
ಎರಡು ಇಂಚು ಹಿಂದೆ ಸರಿಸಿದೆ.
ವೈರು ಲ್ಯಾಪ್‌ಟಾಪಿಗೆ ಚುಚ್ಚಿ ರೆಕಾರ್ಡು ಮಾಡಿದೆ,
ಕೇಳಿದೆ, ಅಳಿಸಿದೆ. ಹನ್ನೊಂದು ಸಲ.
ಎಲ್ಲ ಚೆನ್ನಾಗಿದೆ, ತೊಂದರೆಯೇ ಅದು.
ಯಾವ ಸ್ವರವೂ ಬೆವರುತ್ತಿಲ್ಲ.

ಮೆನುವಿನ ಕೊನೆಯ ಪುಟದಲ್ಲಿ, ಯಾರೂ ಹೋಗದ ಕಡೆ,
ಸ್ಯಾಗ್ ಅಂತ ಒಂದು ಸಾಲು.
ಏನೆಂದು ಹುಡುಕಿದರೆ:
ಕರೆಂಟು ಸಾಲದೆ ಆಂಪು ಜಗ್ಗುವುದು.
ಕೈ ಅಲ್ಲೇ ನಿಂತಿತು.

ಇದು ನನ್ನ ಕಸುಬಲ್ಲವೇ?
ಸಂಜೆ ತ್ರೀ ಫೇಸ್ ಬಿಟ್ಟೊಡನೆ
ದುದ್ದ, ಶಾಂತಿಗ್ರಾಮ, ಕಟ್ಟಾಯದ ಪಂಪುಗಳು ಒಟ್ಟಿಗೇ ಬಾಯಿಟ್ಟು
ಮದುವೆ ಚಪ್ಪರದ ಬಲ್ಬುಗಳು
ಹಣ್ಣು ನಿಂಬೆಯ ಬಣ್ಣಕ್ಕೆ ಇಳಿಯುತ್ತಿದ್ದ ಕಾಲ.
ಇನ್ನೂರ ಮೂವತ್ತು ಇರಬೇಕಾದಲ್ಲಿ ನೂರ ಎಪ್ಪತ್ತು.
ಇನ್ನಾಸಪ್ಪ ಬಾರಿಸುತ್ತಿದ್ದುದು ಅದೇ ಹೊತ್ತಿಗೆ, ಅದೇ ಲೈನಿನಲ್ಲಿ.
ಕೈಗುಣ ಕೈಗುಣ ಅಂತ ಹೊಗಳಿದ್ದೆವಲ್ಲ,
ಅರ್ಧ ಅವನದು, ಅರ್ಧ ಟ್ರಾನ್ಸ್‌ಫಾರ್ಮರಿನದು.
ಆ ನೂರ ಎಪ್ಪತ್ತಕ್ಕೇ ಸುಟ್ಟ ಮೋಟಾರುಗಳನ್ನು ಸುತ್ತಿ ಸುತ್ತಿ
ನಾನು ಈ ಪೆಡಲಿನ ದುಡ್ಡು ಕೂಡಿಸಿದ್ದು.

ಸ್ಯಾಗನ್ನು ಮುಕ್ಕಾಲಿಗೆ ಏರಿಸಿದೆ.
ತಂತಿ ಎಳೆದೆ.
ಕುಗ್ಗಿತು. ತಡೆಯಿತು.

ಬಿಸಿ ಧೂಳಿನ ವಾಸನೆ ಬಂತು ಅಂದರೆ ಸುಳ್ಳಾಗುತ್ತದೆ.
ಬರಲಿಲ್ಲ.

ಉಳಿಸುವಾಗ ಹೆಸರು ಕೇಳಿತು.
ಎಂಟೇ ಇಂಗ್ಲಿಷ್ ಅಕ್ಷರಕ್ಕೆ ಜಾಗ, ಇನ್ನಾಸಪ್ಪನಿಗೆ ಒಂಬತ್ತು ಬೇಕು.
ಕೊನೆಯ ಎ ಹೊರಗೇ ಉಳಿಯಿತು.
ಇನ್ನಾಸಪ್!
ಸ್ಟೇಜಿನ ಹಿಂದಿನಿಂದ ನಾವು ಕೂಗುತ್ತಿದ್ದುದೂ ಅಷ್ಟನ್ನೇ.
ಗೋಡೆಯಾಚೆಯಿಂದ, ಕೃಷ್ಣ ಕೃಷ್ಣ.

ಬೆಳಿಗ್ಗೆ ಷಟರ್ ಎತ್ತಿದರೆ ಕಟ್ಟಾಯದ ಜವರೇಗೌಡ ನಿಂತಿದ್ದಾನೆ,
ಮೊಪೆಡ್ಡಿನ ಮೇಲೆ ಗೋಣಿ ಹೊದ್ದ ಮೂರು ಎಚ್‌ಪಿ ಮೋಟಾರು.
ಬಿಚ್ಚಿದೆ. ಕಾಯಿಲು ಇದ್ದಿಲಾಗಿತ್ತು.
'ವೋಲ್ಟೇಜೇ ಇರ್ಲಿಲ್ಲ ಕಣಣ್ಣ.'
'ಗೊತ್ತು' ಅಂದೆ. 'ಗುರುವಾರ ಬಾ.'
ಸುಟ್ಟ ತಾಮ್ರ ಕಿತ್ತು ತಕ್ಕಡಿಗೆ ಹಾಕುವಾಗ
ಕೈ ಯಾಕೋ ಒಂದು ಉಸಿರು ತಡೆಯಿತು.